ಬೇರೆ ಎನ್ನುವ ಒಂದು ಸಾಲು

ಅರಳೆ, ಮುಂದಿನ ಸೀಟಿನ ಅಜ್ಜನ ಕಿವಿಯಲ್ಲಿ ಒಂದು ಚಿಟಿಕೆ ಅರಳೆ, ಅದರ ತುದಿ ಹೊರಗೆ ಇಣುಕಿ ಧಾರವಾಡದಿಂದ ಹೊರಟ ಚಿಗರಿ ಬಸ್ಸಿನ ಎ.ಸಿ. ಗಾಳಿಗೆ ಸಣ್ಣಗೆ ನಡುಗುತ್ತಿದೆ, ಈಗ ಬಿದ್ದೀತು, ಈಗ ಬಿದ್ದೀತು, ಬೀಳುವುದಿಲ್ಲ — ಟೋಲ್ ನಾಕಾ ಹಿಂದೆ ಸರಿಯಿತು, ಯಾರೋ ಇಳಿದರು, ಯಾರದೋ ಊಟದ ಡಬ್ಬಿ ರಾಜೇಶ್ವರಿಯ ಮೊಣಕಾಲಿಗೆ ತಾಗಿತು, ಅವಳ ಕಣ್ಣು ಮಾತ್ರ ಆ ಬಿಳಿ ಚುಂಗಿನಿಂದ ಕದಲಲಿಲ್ಲ, ಇದನ್ನು ಎಲ್ಲಿ ಇಡಬೇಕು, ಯಾವ ಕೊಂಬೆಗೆ ಸೇರಿಸಬೇಕು, ಹೊಲದಲ್ಲಿದ್ದಾಗ ಗಿಡದ ಒಂದು ಭಾಗ, ಅಮರಗೋಳದ ಎಪಿಎಂಸಿಯಲ್ಲಿ ತನ್ನ ಗಂಡ ಅಮರೇಶನ ಅಂಗಡಿಗೆ ಬಂದರೆ ಸರಕು, ಅಂಡಿಗೆಯೊಳಗಿನ ತೂಕ, ದವಾಖಾನೆಗೆ ಹೋದರೆ ಗಾಯ ಒರೆಸುವ ಸಾಮಗ್ರಿ, ಇಲ್ಲಿ ಈ ಅಜ್ಜನ ಕಿವಿಯಲ್ಲಿ ಥಂಡಿಗೆ ಹಾಕಿದ ಕದ, ಅರಳೆ ಅದೇ, ಇರುವ ಜಾಗ ಬೇರೆ ಬೇರೆ — ಆಫೀಸು ಬಿಟ್ಟು ಬಂದರೂ ತಲೆ ಆಫೀಸು ಬಿಡುವುದಿಲ್ಲ, ಮಗಳು ಕಾವೇರಿ ನಗುತ್ತಾಳೆ, ನಮ್ಮ ಚಿಗವ್ವ ಬೆಂಡಿಕಾಯಿ ನೋಡಿದ್ರೂ ಇದು ಯಾವ ವರ್ಗ, ಇದರ ಗುಣ ಏನು ಅಂತಾಳ, ಪಲ್ಯ ಆಗೂದು ಯಾವಾಗ ಅಂತ — ಮಗಳು ಅಂದುಕೊಂಡೆನಲ್ಲ, ಒಳಗೆ ಅಂದುಕೊಂಡರೆ ಯಾರಿಗೆ ಕೇಳಿಸಬೇಕು, ಒಳಗೆ ಮಗಳು, ಹೊರಗೆ ನಮ್ಮ ಕಾವೇರಿ, ಇಷ್ಟು ವರ್ಷ ಹಾಗೇ ನಡೆದಿದೆ, ಕೈ ತಾನಾಗಿ ಕೊರಳಿಗೆ ಹೋಯಿತು, ಸೆರಗಿನ ಕೆಳಗೆ ತಾಳಿಯ ಎರಡು ಬಟ್ಟಲು ಒಂದಕ್ಕೊಂದು ತಾಗಿ ಕಿಣ್ ಎಂದವು, ಎಡಗಡೆಯದು, ಬಲಗಡೆಯದು, ಇವತ್ತು ಎಡಗಡೆಯದನ್ನು ಬಿಚ್ಚಿ ಕೊಡಬೇಕು, ಆಯಿ ಇಷ್ಟೊತ್ತಿಗೆ ಮನೆಗೆ ಬಂದಿರಬೇಕು.

ಬ್ಯಾಹಟ್ಟಿಯ ಆಯಿ, ಕಾವೇರಿಯನ್ನು ಹೆತ್ತ ಶಿವಬಸವ್ವನ ತಾಯಿ, ಬೆಳಿಗ್ಗೆ ಚಪಾತಿ ಲಟ್ಟಿಸುತ್ತಿದ್ದಾಗ ಫೋನು ಮಾಡಿದರು, ಹಿಟ್ಟಿನ ಕೈಯಲ್ಲಿ ಫೋನು ಜಾರುತ್ತಿತ್ತು, ಅವರು ದೂರದವರನ್ನು ಕೂಗುವ ಹಾಗೆ ಮಾತಾಡುತ್ತಾರೆ, ರಾಜವ್ವಾ, ಹುಡುಗಿಗೆ ಹದಿನೆಂಟು ತುಂಬಿದುವು, ಆ ಬಟ್ಟಲಾ ಇನ್ನ ಅಕಿ ಕೈ ಸೇರ್ಲಿ, ಕರಗಿಸಿ ಕಿವಿಗೆ ಏನರೆ ಮಾಡಿಸ್ತೇನಿ, ನಿನಗ ನಮ್ಮ ಪತ್ತಾರನ ಕಡೆ ಹೊಸಾದು ಮಾಡಿಸಿ ಇಟ್ಟೇನಿ, ಸಂಜಿಗೆ ತರ್ತೇನಿ, ನಿಂದು ಅನ್ನೂದು ಪೂರಾ ನಿಂದ ಆಗ್ಲಿ, ಎಷ್ಟ ದಿನ ನನ್ನ ಮಗಳನ್ನ ಕೊಳ್ಳಾಗ ಹೊತ್ಕೊಂಡು ಅಡ್ಡಾಡ್ತಿ ಯವ್ವಾ, ಸಾಕು — ಆ ಸಾಕು ಎನ್ನುವ ಮಾತಿನಲ್ಲಿ ಎಷ್ಟು ಮರುಕ ಇತ್ತು, ಸಿಟ್ಟು ಇದ್ದಿದ್ದರೆ ಎದುರು ಮಾತಾಡಬಹುದಿತ್ತು, ಮರುಕಕ್ಕೆ ಏನು ಹೇಳುವುದು, ಆಗ್ಲಿ ಬರ್ರಿ ಆಯಿ ಅಂದಳು. ಈ ಮನೆತನದ ಪದ್ಧತಿ ಅದು, ಬೇರೆ ಯಾರ ಮನೆಯಲ್ಲೂ ಅವಳು ಕಂಡಿಲ್ಲ, ಎರಡನೆಯವಳಾಗಿ ಬಂದವಳ ತಾಳಿಗೆ ಒಂದು ಬಟ್ಟಲು ತವರಿನದು, ಇನ್ನೊಂದನ್ನು ಗಂಡನ ಮನೆಯವರು ಹೊಸದಾಗಿ ಮಾಡಿಸುವುದಿಲ್ಲ, ತೀರಿಹೋದ ಹಿರಿಯಳ ತಾಳಿಯಿಂದ ಬಿಚ್ಚಿ ಅದನ್ನೇ ಪೋಣಿಸುತ್ತಾರೆ, ಹಿರಿಯಳು ಮನೆ ಬಿಟ್ಟು ಹೋಗಲಿಲ್ಲ, ಕಿರಿಯಳ ಜೋಡಿ ಇದ್ದಾಳೆ ಅಂತ — ಮದುವೆಯ ದಿನ ಅವಳ ಸ್ವಂತ ತಾಯಿ ನರಗುಂದದಿಂದ ಬಂದು ಆ ಹಳೆಯ ಬಟ್ಟಲು ನೋಡಿ ಮುಖ ಸಣ್ಣ ಮಾಡಿಕೊಂಡಿದ್ದಳು, ಸತ್ತಾಕಿ ಬಂಗಾರ ಕೊಳ್ಳಾಗ ಯಾಕ ಬೇ, ಅವಳೋ ಸಸ್ಯಶಾಸ್ತ್ರದ ಎಂ.ಎಸ್ಸಿ., ಬಂಗಾರ ಒಂದು ಮೂಲವಸ್ತು ಅವ್ವಾ, ಅದಕ್ಕ ಹುಟ್ಟಿಲ್ಲ ಸಾವಿಲ್ಲ ಅಂದಿದ್ದಳು, ಅಂದದ್ದು ಧೈರ್ಯವಾಗಿ, ಆದರೆ ಮೊದಲ ಕೆಲವು ದಿನ ಆ ಬಟ್ಟಲು ಎದೆಗೆ ತಾಗಿದಲ್ಲೆಲ್ಲ ತಣ್ಣಗೆ ಹತ್ತುತ್ತಿತ್ತು, ಬಲಗಡೆಯದಕ್ಕಿಂತ ತಣ್ಣಗೆ, ಎರಡೂ ಒಂದೇ ಮೈಯ ಶಾಖದಲ್ಲಿದ್ದವು, ಹಾಗೆ ಆಗಲು ಸಾಧ್ಯವಿಲ್ಲ, ಆದರೂ. ಬೆಳಿಗ್ಗೆ ಆಯಿಯ ಫೋನಿನ ಮಾತು ಅಮರೇಶನಿಗೆ ಹೇಳಿದರೆ ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಹಿರಿಯರು ಆಸಿ ಇಟ್ಕೊಂಡು ಬರಾಕತ್ತಾರ, ನಿನಗ ಹೆಂಗ ಅನಸ್ತದ ಹಂಗ ಮಾಡು ಅಂದು ಅಂಗಡಿಗೆ ಹೋದ, ತನಗೆ ಹೇಗೆ ಅನಿಸುತ್ತದೆ ಅಂತ ತನಗೆ ಗೊತ್ತಿದ್ದರಲ್ಲವೇ.

ಗೊತ್ತಿಲ್ಲದ್ದನ್ನು ಗೊತ್ತು ಮಾಡಿಕೊಳ್ಳುವುದೇ ದಿನದ ಕೆಲಸ, ಧಾರವಾಡದಲ್ಲಿ ಹಳೆಯ ಕಟ್ಟಡದ ಮಾಳಿಗೆಯ ಮೇಲೆ, ಬೇವಿನ ಗಿಡದ ಕಡೆಗೆ ಕಿಟಕಿ ಇರುವ ಕೋಣೆಯಲ್ಲಿ, ಆಂಟಾಲಜಿ — ಕೃಷಿಯವರ ಮಾಹಿತಿ ಒಂದು ಕಡೆ, ದವಾಖಾನೆಯವರದು ಒಂದು ಕಡೆ, ಮಳೆ ಅಳೆಯುವವರದು, ಮಾರುಕಟ್ಟೆಯವರದು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದಿಲ್ಲ, ಎಲ್ಲರ ಮೇಲೆ ಒಂದು ಚೌಕಟ್ಟು ಕಟ್ಟಬೇಕು, ತುತ್ತತುದಿಯಲ್ಲಿ ಇರುವುದು ಅಂತ ಒಂದೇ ಮಾತು, ಅದರ ಕೆಳಗೆ ವಸ್ತು, ಘಟನೆ, ಗುಣ, ಪಾತ್ರ, ಸಂಬಂಧ, ಆಮೇಲೆ ಇಳಿಯುತ್ತ ಇಳಿಯುತ್ತ ಅರಳೆಯವರೆಗೆ, ಜ್ವರದವರೆಗೆ, ಮುಂಗಾರಿನವರೆಗೆ. ಜೊತೆಯಲ್ಲಿ ಕೆಲಸ ಮಾಡುವ ಉಜ್ಮಾಳ ಅಪ್ಪ ಹುಸೇನಬಾಷಾ ಅವರದು ತಾರಿಹಾಳದಲ್ಲಿ ಲೇತ್ ಅಂಗಡಿ, ಒಮ್ಮೆ ಕೇಳಿದರಂತೆ, ದಿನಾ ಅಲ್ಲಿ ಏನ್ ಮಾಡ್ತೀರಿ ಬೇಟಾ, ದುನಿಯಾದಾಗಿನ ಎಲ್ಲಾ ಸಾಮಾನು ಯಾವ ಖಾನೆದಾಗ ಇಡಬೇಕು ಅಂತ ಬರೀತೇವಿ ಅಬ್ಬಾ, ಹಂಗಾರ ನನ್ನ ಚಶ್ಮಾ ಎಲ್ಲೈತಿ ಹೇಳು ನೋಡೋಣು — ಉಜ್ಮಾ ಇದನ್ನು ಹೇಳಿ ಹೇಳಿ ನಗಿಸಿದ್ದಳು, ಎಣ್ಣೆ ಕೈ ಒರೆಸಿಕೊಳ್ಳುವ ಅಭಿನಯ ಸಮೇತ. ಅವರ ಕಂಪ್ಯೂಟರಿನಲ್ಲಿ ತರ್ಕ ಮಾಡುವ ಒಂದು ಪ್ರೋಗ್ರಾಮು ಇದೆ, ಉಜ್ಮಾ ಅದಕ್ಕೆ ಮುತ್ಯಾ ಅಂತ ಹೆಸರಿಟ್ಟಿದ್ದಾಳೆ, ಅಜ್ಜ, ಮುತ್ಯಾನಿಗೆ ತಾನಾಗಿ ಏನೂ ಗೊತ್ತಿಲ್ಲ, ಹೇಳಿದ್ದಷ್ಟೇ ಗೊತ್ತು, ಆದರೆ ಹೇಳಿದ್ದನ್ನು ಕೊನೆ ಮುಟ್ಟಿಸದೆ ಬಿಡುವುದಿಲ್ಲ, ಕಟ್ಟೆಯ ಮೇಲೆ ಕೂತ ಮುದುಕರ ಹಾಗೆ, ಹಂಗಾದ್ರ ಹಿಂಗಾತು, ಹಿಂಗಾದ್ರ ಹಾಂಗಾತು, ಎಲ್ಲಿಗೆ ಹೋಗಿ ಮುಟ್ಟುತ್ತದೋ ಅಲ್ಲಿಗೆ ಒಯ್ದು ನಿಲ್ಲಿಸುತ್ತದೆ. ಮತ್ತೆ ಇನ್ನೊಂದು, ಮುತ್ಯಾನ ಮಟ್ಟಿಗೆ ಹೆಸರು ಎರಡಾದ ಮಾತ್ರಕ್ಕೆ ಜನ ಇಬ್ಬರಾಗಬೇಕಿಲ್ಲ, ಒಬ್ಬಳಿಗೇ ಮನೆಯಲ್ಲಿ ರಾಜವ್ವ, ಆಫೀಸಿನಲ್ಲಿ ರಾಜೇಶ್ವರಿ ಅಂತ ಇರಬಹುದಲ್ಲ, ಬೇರೆ ಅಂತ ಯಾರಾದರೂ ಬರೆದು ಹೇಳುವ ತನಕ ಅದು ಯಾರನ್ನೂ ಬೇರೆ ಮಾಡುವುದಿಲ್ಲ.

ನಿನ್ನೆ ಮಧ್ಯಾಹ್ನ ಆದದ್ದೂ ಅದೇ, ಹೊಸ ನಿಯಮ ಬರೆದ ಮೇಲೆ ಪರೀಕ್ಷೆ ಮಾಡಲು ಒಂದು ಹಿಡಿ ಖರೇ ಮಾಹಿತಿ ಬೇಕು, ತಪ್ಪು ಬಂದರೆ ನೋಡಿದ ಕೂಡಲೆ ಗೊತ್ತಾಗಬೇಕು, ಅದಕ್ಕೇ ಎಲ್ಲರೂ ತಮ್ಮ ತಮ್ಮ ಮನೆಯವರನ್ನೇ ಬರೆಯುತ್ತಾರೆ, ಉಜ್ಮಾ ತನ್ನ ತಂಗಿ ಫಿಜಾಳನ್ನು ಎಷ್ಟು ಸಲ ರೋಗಿ ಮಾಡಿದ್ದಾಳೋ, ಒಮ್ಮೆ ಕೈ ತಪ್ಪಿ ಟ್ರ್ಯಾಕ್ಟರನ್ನೂ ಮಾಡಿದ್ದಳು, — ನಿಯಮ ರಾಜೇಶ್ವರಿಯೇ ಬರೆದದ್ದು, ಒಬ್ಬರಿಗೆ ತಾಯಿ ಒಬ್ಬಳೇ, ಹೆರಿಗೆ ವಾರ್ಡಿನ ಮಾಹಿತಿಯಲ್ಲಿ ಒಂದು ಕೂಸು ಇಬ್ಬರ ಹೆಸರಿಗೆ ಹತ್ತಬಾರದು ಅಂತ, ಎಲ್ಲರೂ ತಲೆಯಾಡಿಸಿದ್ದರು, ಅದರಲ್ಲಿ ತಕರಾರು ಮಾಡುವಂಥದ್ದೇನಿದೆ. ಅಮರೇಶ ಅಂತ ಬರೆದಳು, ಕಾವೇರಿ ಅಂತ ಬರೆದಳು, ಕಾವೇರಿಯ ತಂದೆ ಅಮರೇಶ, ಕಾವೇರಿಯ ತಾಯಿ ಶಿವಬಸವ್ವ, ಶಿವಬಸವ್ವ ಹುಟ್ಟಿದ್ದು ಬ್ಯಾಹಟ್ಟಿ, ಹೆತ್ತದ್ದು ಕಾವೇರಿಯನ್ನು, ತೀರಿಕೊಂಡದ್ದು ಕಾಮಾಲೆಯಿಂದ, ತಾರೀಖು, ಎಲ್ಲ ಬರೆದಳು, ತನ್ನ ಊರು, ಉದ್ಯೋಗ, ಹಾಜರಿ ಅದರಲ್ಲಿ ಮೊದಲೇ ಇದ್ದವು, ಉಜ್ಮಾ ಚಹಾ ತರಲು ಕೆಳಗೆ ಹೋಗಿದ್ದಳು, ಕಿಟಕಿಯಲ್ಲಿ ಬೇವಿನ ಎಲೆ ಅಲ್ಲಾಡುತ್ತಿತ್ತು, ಕೋಣೆಯಲ್ಲಿ ಯಾರೂ ಇರಲಿಲ್ಲ, ಆಗ ಅವಳು ಇನ್ನೊಂದು ಸಾಲು ಬರೆದಳು, ಕಾವೇರಿಯ ತಾಯಿ ರಾಜೇಶ್ವರಿ — ಸುಮ್ಮನೆ, ಹೇಗೆ ಕಾಣುತ್ತದೆ ನೋಡಲು, ಸೀರೆ ಅಂಗಡಿಯಲ್ಲಿ ತೆಗೆದುಕೊಳ್ಳದ ಸೀರೆಯನ್ನು ಹೆಗಲಿಗೆ ಹಾಕಿ ಕನ್ನಡಿ ನೋಡುತ್ತಾರಲ್ಲ ಹಾಗೆ, ನೋಡಿ ಅಳಿಸಬೇಕು ಅಂತಲೇ ಇದ್ದಳು, ಅಷ್ಟರಲ್ಲಿ ಉಜ್ಮಾ ಬಂದು ಕಪ್ಪು ಇಟ್ಟು, ಆತೇನ್ರಿ ಅಕ್ಕಾ, ಮುತ್ಯಾನ್ನ ಎಬ್ಬಿಸ್ತೇನಿ, ಅಂತ ಗುಂಡಿ ಒತ್ತಿಯೇಬಿಟ್ಟಳು. ಮುತ್ಯಾ ಬೆಚ್ಚಲಿಲ್ಲ, ತಪ್ಪು ಅನ್ನಲಿಲ್ಲ, ತಾಯಿ ಒಬ್ಬಳೇ ಅಂದೀರಿ, ಹೆಸರು ಎರಡು ಕೊಟ್ಟೀರಿ, ಅಂದರೆ ಎರಡೂ ಒಬ್ಬಳ ಹೆಸರೇ ಇರಬೇಕು ಅಂತ ತೀರ್ಮಾನಕ್ಕೆ ಬಂದು, ಶಿವಬಸವ್ವನ ಬಗ್ಗೆ ಬರೆದಿದ್ದನ್ನೆಲ್ಲ ರಾಜೇಶ್ವರಿಗೂ, ರಾಜೇಶ್ವರಿಯ ಬಗ್ಗೆ ಇದ್ದದ್ದನ್ನೆಲ್ಲ ಶಿವಬಸವ್ವನಿಗೂ ಹಚ್ಚಿಬಿಟ್ಟಿತು — ರಾಜೇಶ್ವರಿ, ಹುಟ್ಟಿದ್ದು ನರಗುಂದ, ಹುಟ್ಟಿದ್ದು ಬ್ಯಾಹಟ್ಟಿ, ಮರಣ ಕಾಮಾಲೆಯಿಂದ, ಅದರ ತಾರೀಖು, ಶಿವಬಸವ್ವ, ಉದ್ಯೋಗ ಈ ಆಫೀಸಿನಲ್ಲಿ, ಇಂದು ಹಾಜರು, — ಅಕ್ಕಾ, ಮುತ್ಯಾ ನಿಮ್ಮನ್ನ ಕೊಂದು ಹಾಕ್ಯಾನ ನೋಡ್ರಿ, ಉಜ್ಮಾ ನಗುತ್ತ ಪರದೆಯ ಮೇಲೆ ಬೆರಳಿಟ್ಟಳು, ಬೆರಳು ಕೆಳಗಿನ ಸಾಲಿಗೆ ಜಾರಿತು, ರಾಜೇಶ್ವರಿ, ಹೆತ್ತದ್ದು ಕಾವೇರಿಯನ್ನು, ನಗು ನಿಂತಿತು, ಬೆರಳು ಅಲ್ಲಿಂದ ಮೆಲ್ಲಗೆ ಎದ್ದಿತು, ಚಹಾ ಆರಾಕತ್ತೈತಿ ತಗೋರಿ ಅಕ್ಕಾ ಅಂದಳು, ಜಾಣ ಹುಡುಗಿ.

ಒಂದ ಸಾಲು ಬರದ್ರ ಸಾಕ್ರಿ, ಆಮೇಲೆ ಉಜ್ಮಾಳೇ ಹೇಳಿದಳು, ಪರದೆ ನೋಡದೆ ಕಪ್ಪಿನೊಳಗೆ ನೋಡುತ್ತ, ಇವರು ಬ್ಯಾರೆ ಅವರು ಬ್ಯಾರೆ ಅಂತ, ಆಮ್ಯಾಲೆ ಹೆತ್ತಾಕಿ ಅನ್ನೂದಕ್ಕ ಒಂದು ಸಂಬಂಧ, ಸಾಕಿದಾಕಿ ಅನ್ನೂದಕ್ಕ ಒಂದು ಸಂಬಂಧ, ಎರಡ ಮಾಡೂಣು, ಹೆತ್ತಾಕಿ ಒಬ್ಬಾಕಿ, ಸಾಕಿದಾಕಿ ಎಷ್ಟರ ಮಂದಿ ಇರ್ಲಿ — ಸರಿ, ನೂರಕ್ಕೆ ನೂರು ಸರಿ, ಅವಳೇ ಬೇರೆಯವರ ಕೆಲಸ ತಿದ್ದುತ್ತಿದ್ದರೆ ಇದನ್ನೇ ಬರೆಸುತ್ತಿದ್ದಳು, ನಾಳಿಗೆ ಬರೀತೇನಿ ತಗೋ ಅಂದಳು, ಇವತ್ತು ಬಂದಳು, ಫೈಲು ತೆರೆದಳು, ಜೋಳದ ರೋಗಗಳನ್ನು ಜೋಡಿಸಿದಳು, ಮಳೆಯ ಮಾಪನ ಸರಿಮಾಡಿದಳು, ಆ ಒಂದು ಸಾಲಿನ ಹತ್ತಿರ ಬಂದಾಗಲೆಲ್ಲ ಬೆರಳು ಬೇರೆ ಕೆಲಸ ಹುಡುಕಿಕೊಂಡು ಹೋಯಿತು, ಸಂಜೆ ಹೊರಡುವಾಗ ಉಜ್ಮಾ ಕೇಳಲಿಲ್ಲ, ನಾಳೆ ಸಿಗೂಣು ಅಂದಳಷ್ಟೇ. ಪಾತ್ರ ಅಂದರೇನು ಅಂತ ಗುರುಸಿದ್ದಯ್ಯ ಸರ್ ಕಲಿಸಿದ್ದರು, ಈ ಕೆಲಸಕ್ಕೆ ಎಲ್ಲರನ್ನೂ ಕೂಡಿಸಿದ ಹಿರಿಯರು, ಪ್ರತಿ ಶಬ್ದಕ್ಕೂ ಒಂದೇ ಪರೀಕ್ಷೆ ಮಾಡ್ರಿ, ಇದು ಇದಾಗಿರೂದನ್ನ ಬಿಟ್ರೂ ಇರಬಹುದೇನು ಅಂತ ಕೇಳ್ರಿ, ಮಾವಿನಗಿಡ ಗಿಡ ಆಗಿರೂದನ್ನ ಬಿಟ್ರ ಗಿಡಾನ ಇಲ್ಲ, ಡ್ರೈವರ್ ಡ್ರೈವರ್ ಆಗಿರೂದನ್ನ ಬಿಟ್ರ ಮನುಷ್ಯಾ ಉಳೀತಾನ, ಮೊದಲಿಂದು ಜಾತಿ, ಎರಡನೇದು ಪಾತ್ರ, ಪಾತ್ರ ಸುರು ಆಗ್ತದ, ಮುಗೀತದ. ತಾಯಿ ಯಾವುದರಲ್ಲಿ ಬರುತ್ತದೆ ಅಂತ ಒಂದು ಇಡೀ ಮಧ್ಯಾಹ್ನ ವಾದ ನಡೆದಿತ್ತು, ಚುರುಮುರಿ ಮಿರ್ಚಿ ತರಿಸಿ ತಿಂದು ವಾದ ಮಾಡಿದರು, ಹಡೆಯುವುದು ಒಂದು ಘಟನೆ, ಆದದ್ದು ಆಯಿತು, ಅದನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ, ಸಾಕುವುದು ಪಾತ್ರ, ಅಂತ ಕೊನೆಗೆ ತೀರ್ಪು ಕೊಟ್ಟವಳು ಯಾರು, ರಾಜೇಶ್ವರಿಯೇ, ಅಂದು ಎಷ್ಟು ಸಲೀಸಾಗಿ ಹೇಳಿದ್ದಳು, ಖಾರ ನೆತ್ತಿಗೆ ಹತ್ತಿ ನೀರು ಕುಡಿಯುತ್ತ. ಸುರು ಆಗ್ತದ, ಮುಗೀತದ — ಸತ್ತೂರು ಬಂತು, ಅಜ್ಜ ಏಳಲಿಲ್ಲ, ಅರಳೆಯೂ ಬೀಳಲಿಲ್ಲ, ಆಯಿ ಹೊಸ ಬಟ್ಟಲು ತಂದಿರುತ್ತಾರೆ, ಹಳೆಯದು ಕರಗುತ್ತದೆ, ತನ್ನದು ಪೂರಾ ತನ್ನದಾಗುತ್ತದೆ, ಉಜ್ಮಾಳ ಒಂದು ಸಾಲು, ಆಯಿಯ ಒಂದು ಬಟ್ಟಲು, ಇಬ್ಬರೂ ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ, ಇವಳು ಬೇರೆ ಅವಳು ಬೇರೆ, ಹಾಗಾದಮೇಲೆ ಕಾವೇರಿಗೂ ತನಗೂ ನಡುವೆ ಏನು ಉಳಿಯುತ್ತದೆ, ಆ ಕೂಸು ತನ್ನ ಹತ್ತಿರ ಬಂದದ್ದೇ ಆ ಬಟ್ಟಲಿಗಾಗಿ.

ಆ ಹೆಬ್ಬೆರಳು, ಪುಟ್ಟ ಹೆಬ್ಬೆರಳು — ಮದುವೆಯಾಗಿ ಬಂದಾಗ ಕಾವೇರಿ ಒಂದನೇ ಇಯತ್ತೆಗೂ ಹೋಗುತ್ತಿರಲಿಲ್ಲ, ಬಾಗಿಲ ಹಿಂದೆ ನಿಂತು ನೋಡುತ್ತಿತ್ತು, ಕರೆದರೆ ಬರುತ್ತಿರಲಿಲ್ಲ, ಉಂಡಿ ಕೊಟ್ಟರೆ ಅಪ್ಪನ ಕೈಯಿಂದ ತೆಗೆದುಕೊಳ್ಳುತ್ತಿತ್ತು, ಇವರಿಗೆ ಚಿಗವ್ವ ಅನ್ನು ಅಂತ ಯಾರೋ ಕಲಿಸಿದ್ದರು, ಅದನ್ನೂ ಅನ್ನುತ್ತಿರಲಿಲ್ಲ, ಬೇಸಿಗೆಯ ಒಂದು ಮಧ್ಯಾಹ್ನ, ಕರೆಂಟು ಇರಲಿಲ್ಲ, ಕಿಟಕಿಗೆ ಒದ್ದೆ ಚಾದರ ಕಟ್ಟಿ ಕೋಣೆ ಕತ್ತಲು ಮಾಡಿ ರಾಜೇಶ್ವರಿ ನೆಲದ ಮೇಲೆ ಮಲಗಿದ್ದಳು, ಬರಿಗಾಲಿನ ಸಪ್ಪಳ, ಆಮೇಲೆ ಸಪ್ಪಳ ಇಲ್ಲ, ಆಮೇಲೆ ಮಗ್ಗುಲಲ್ಲಿ ಒಂದು ಬಿಸಿ ಉಸಿರು, ಅವಳು ಕಣ್ಣು ತೆರೆಯಲಿಲ್ಲ, ಹಕ್ಕಿ ಕಿಟಕಿಗೆ ಬಂದಾಗ ಅಲ್ಲಾಡದೆ ಕೂಡುತ್ತಾರಲ್ಲ ಹಾಗೆ, ಒಂದು ಕೈ ಕತ್ತಲಲ್ಲಿ ಕೊರಳನ್ನು ತಡವಿತು, ಕರಿಮಣಿ ಹಿಡಿದು ಕೆಳಗಿಳಿಯಿತು, ಬಟ್ಟಲು ಸಿಕ್ಕಿತು, ಹೆಬ್ಬೆರಳನ್ನು ಅದರ ಗುಳಿಯೊಳಗೆ ಇಟ್ಟಿತು, ಸರಿಯಾಗಿ ಕೂತಿತು, ಮುಚ್ಚಳ ಕೂತ ಹಾಗೆ, ಅಷ್ಟೇ, ಮಗು ಒಂದು ದೊಡ್ಡ ಉಸಿರು ಬಿಟ್ಟು ನಿದ್ದೆ ಹೋಯಿತು. ತಾಯಿಯ ಹಾಲು ಕುಡಿಯುವಾಗಿನಿಂದ ಬಂದ ರೂಢಿ ಅಂತ ಆಮೇಲೆ ಅಮರೇಶ ಹೇಳಿದ, ಹೇಳುತ್ತ ಹೇಳುತ್ತ ಎದ್ದು ಹೊರಗೆ ಹೋದ. ಅವತ್ತು ಅವಳ ಬೆನ್ನು ತುರಿಸುತ್ತಿತ್ತು, ಕೈ ಜೋಮು ಹಿಡಿದಿತ್ತು, ಹೊರಗೆ ಯಾರೋ ಹಳೆ ಪೇಪರಿನವನು ಕೂಗಿ ಕೂಗಿ ಹೋದ, ಅವಳು ಅಲ್ಲಾಡಲಿಲ್ಲ, ಬಟ್ಟಲು ಯಾವುದು ಅಂತ ನೋಡಲೂ ಇಲ್ಲ, ಎಡಗಡೆಯದೇ ಇರಬೇಕು, ಹೆತ್ತ ತಾಯಿಯದನ್ನು ಹುಡುಕಿ ಬಂದ ಮಗು ಚಿಗವ್ವನದನ್ನು ಯಾಕೆ ಹಿಡಿಯುತ್ತದೆ, ಆಮೇಲೆ ಎಷ್ಟು ವರ್ಷ ಹಾಗೆ ಮಲಗಿತೋ, ಹೆಬ್ಬೆರಳು ಬೆಳೆದು ಗುಳಿಯಲ್ಲಿ ಹಿಡಿಸದೆ ಹೋಗುವ ತನಕ, ಒಂದು ದಿನವೂ ಅವಳು ಬಗ್ಗಿ ನೋಡಲಿಲ್ಲ, ಅಳತೆ ತೂಕ ಬಿಟ್ಟು ಮಾತಾಡದವಳು, ಎಲೆಯ ಅಂಚಿನ ಹಲ್ಲನ್ನು ಭೂತಗನ್ನಡಿ ಹಿಡಿದು ನೋಡಿದವಳು, ಅದೊಂದನ್ನು ನೋಡಲಿಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತು, ಗೊತ್ತಾಗುವುದು ಬೇಡವಾಗಿತ್ತು.

ಎರಡು ಬಟ್ಟಲಿಗೂ ವ್ಯತ್ಯಾಸ ಇದೆ, ಅವಳೊಬ್ಬಳಿಗೇ ಗೊತ್ತು, ಎಡಗಡೆಯದರ ಅಂಚಿನಲ್ಲಿ ಒಂದು ಸಣ್ಣ ತಗ್ಗು, ಕಾವೇರಿಗೆ ಮೊದಲ ಹಲ್ಲು ಬಂದಾಗ ಕಚ್ಚಿದ್ದಿರಬೇಕು, ಬಂಗಾರ ಮೆತ್ತಗಿನ ಲೋಹ, ಹಬ್ಬದ ಮುಂಚೆ ಬಚ್ಚಲಲ್ಲಿ ಕೂತು ಅಂಟುವಾಳದ ನೊರೆಯಲ್ಲಿ ತಾಳಿ ತೊಳೆಯುವಾಗ ಉಗುರಿಗೆ ಆ ತಗ್ಗು ಹತ್ತುತ್ತದೆ, ಮೊದಮೊದಲು ಹತ್ತಿದಾಗ ಕೈ ಹಿಂದೆ ಸರಿಯುತ್ತಿತ್ತು, ಆಮೇಲೆ ಆಮೇಲೆ ಅಲ್ಲೇ ನಿಂತು ಮಾತಾಡತೊಡಗಿದಳು, ನೋಡ ಅಕ್ಕಾ, ನಿನ್ನ ಮಗಳು ಇವತ್ತ ಸೈಕಲ್ ಮ್ಯಾಲಿಂದ ಬಿದ್ದು ಹಲ್ಲ ಮುರಕೊಂಡಾಳ, ನೋಡ ಅಕ್ಕಾ, ಗಣಿತದಾಗ ಕಮ್ಮಿ ಬಂದಾವ, ನಿಮ್ಮ ಕಡೆದೋ ಇವರ ಕಡೆದೋ ಗೊತ್ತಿಲ್ಲ, ನಂದಂತೂ ಅಲ್ಲ, ಹುಡುಗಿ ದೊಡ್ಡವಳಾದ ದಿನ ನೊರೆಯಲ್ಲಿ ಆ ತಗ್ಗನ್ನು ಉಗುರಿನಿಂದ ಸವರುತ್ತ ಕೂತಳಷ್ಟೇ, ಪಡಸಾಲೆಯ ಫೋಟೋದಲ್ಲಿ ವಿಭೂತಿ ಹಚ್ಚಿಕೊಂಡು ನಗುವ ಆ ಹೆಂಗಸಿನ ಜೊತೆ ಅವಳು ಎಂದೂ ಮಾತಾಡಿಲ್ಲ, ಫೋಟೋ ಎಲ್ಲರದು, ತಗ್ಗು ಅವರಿಬ್ಬರದು. ಹತ್ತನೇ ಇಯತ್ತೆಯಲ್ಲಿದ್ದಾಗ ಕಾವೇರಿ ಒಂದು ದಿನ ಏನೋ ಜಗಳಕ್ಕೆ, ನೀ ಏನ್ ನನ್ನ ಹಡದಿಯೇನು ಅಂದಳು, ಅಂದ ಕೂಡಲೇ ಅವಳ ಮುಖವೇ ಬೆಳ್ಳಗಾಯಿತು, ರಾಜೇಶ್ವರಿ ಒ‍ಲೆಯ ಮೇಲಿನ ಹಾಲು ನೋಡುತ್ತ, ಇಲ್ಲ, ಹಡದಿದ್ರ ಇಷ್ಟು ಬಾಯಿ ಇರ್ತಿರಲಿಲ್ಲ ನಿನಗ, ನಮ್ಮ ಕಡೆ ಮಂದಿ ಮೆತ್ತಗ ಅಂದಳು, ಹುಡುಗಿ ನಕ್ಕಿತು, ಅತ್ತಿತು, ಅನ್ನ ಉಂಡಿತು, ಅವತ್ತು ಹಾಲು ಉಕ್ಕಿದ್ದು ಮಾತ್ರ ಇಬ್ಬರೂ ನೋಡಲಿಲ್ಲ — ರಾಯಾಪುರ ದಾಟಿತು, ಅಜ್ಜ ಅಲ್ಲೇ ಇಳಿದಿದ್ದಾನೆ, ಯಾವಾಗ ಇಳಿದ, ಖಾಲಿ ಸೀಟಿನ ಮೇಲೆ ಆ ಚಿಟಿಕೆ ಅರಳೆ ಬಿದ್ದಿದೆ, ಈಗ ಅದು ಏನು, ಕಸ, ಜಾಗ ಬಿಟ್ಟ ಕೂಡಲೆ ಕಸ, ನವನಗರ, ಇಳಿಯಬೇಕು.

ನಿಲ್ದಾಣದಿಂದ ಮನೆಗೆ ನೇರ ರಸ್ತೆ, ಕಾಲಿಗೆ ಗೊತ್ತು, ಬಾಗಿಲಲ್ಲಿ ಆಯಿಯ ಚಪ್ಪಲಿ, ಒಂದರ ಮೇಲೊಂದು ನೀಟಾಗಿ, ಪಡಸಾಲೆಯಲ್ಲಿ ಆಯಿ ಫೋಟೋದ ಕೆಳಗೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಾರೆ, ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು, ಕಾವೇರಿ ಬಡಿಯುತ್ತಿದ್ದಾಳೆ, ಆಯಿ ಬಂದಾಗ ಮಾತ್ರ ಅವಳಿಗೆ ರೊಟ್ಟಿಯ ಉಮೇದು, ಬಾ ಯವ್ವಾ, ದಣದಿ, ನೀರ ಕುಡಿ ಮೊದಲು, ಆಯಿ ಅವಳ ಕೈ ಹಿಡಿದು ಹತ್ತಿರ ಕೂಡಿಸಿಕೊಂಡರು, ಎಲೆ ಅಡಿಕೆಯ ಚೀಲದಿಂದ ಗುಲಾಬಿ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು, ಹೊಸ ಬಟ್ಟಲು, ದೀಪದ ಬೆಳಕಿಗೆ ಕಣ್ಣು ಕುಕ್ಕುವ ಹಾಗೆ, ಒಂದು ಗೀರಿಲ್ಲ, ಪತ್ತಾರಗ ಹೇಳೇನಿ, ನನ್ನ ಸಣ್ಣ ಮಗಳಿಗೆ ಅಂತ ಹೇಳೇನಿ, ಛಲೋ ಮಾಡ್ಯಾನಲ್ಲ, ಭಾಳ ಛಲೋ ಆಗೈತ್ರಿ ಆಯಿ ಅಂದಳು, ಸುಳ್ಳಲ್ಲ, ಚಂದವೇ ಇತ್ತು. ಆಯಿ ಅವಳ ತಾಳಿ ಹೊರಗೆ ತೆಗೆದು ಅಂಗೈಯಲ್ಲಿ ಹಿಡಿದರು, ಕಣ್ಣಿಗೆ ಹತ್ತಿರ ತಂದರು, ದೂರ ಒಯ್ದರು, ಪೊರೆ ತೆಗೆಸಿದ ಕಣ್ಣು, ಎರಡೂ ಸವೆದು ಒಂದೇ ಬಣ್ಣ ಒಂದೇ ನುಣುಪು, ಇದರಾಗ ನಮ್ಮ ಶಿವಬಸುಂದು ಯಾವುದು ಅಂತ ಕೇಳಿದರು, ಮೆಲ್ಲಗೆ, ಮೊದಲ ಸಲ ಆ ದನಿಯಲ್ಲಿ ದೂರದವರನ್ನು ಕೂಗುವ ಗಟ್ಟಿತನ ಇರಲಿಲ್ಲ, ನನಗ ಗುರ್ತ ಹತ್ತವಲ್ತು, ಹೆತ್ತ ತಾಯಿಗೆ ಗುರ್ತ ಹತ್ತವಲ್ತು ನೋಡ — ಹೇಳಬೇಕು, ಎಡಗಡೆಯದು ಅಂತ ಹೇಳಬೇಕು, ಅಂಚಿನಲ್ಲಿ ತಗ್ಗು ಇದೆ ಆಯಿ, ಉಗುರು ಹಚ್ಚಿ ನೋಡ್ರಿ, ಗೊತ್ತಿದ್ದೂ ಹೇಳದಿದ್ದರೆ ಈ ಮುದುಕಿಗೆ ಮೋಸ ಮಾಡಿದ ಹಾಗೆ, ಗೊತ್ತಿದ್ದದ್ದನ್ನು ಗೊತ್ತಿದ್ದ ಹಾಗೆ ಬರೆಯುವುದೇ ತಾನು ಕಲಿತ ವಿದ್ಯೆ, ಒಂದು ಸಾಲು, ಬೇರೆ ಎನ್ನುವ ಒಂದೇ ಸಾಲು, ಎಡಕಿಂದ್ರಿ ಆಯಿ, ಅಂದಳು, ಅಥವಾ ಅನ್ನಲು ಬಾಯಿ ತೆರೆದಳು, ರೊಟ್ಟಿಯ ಸದ್ದು ಯಾವಾಗಲೋ ನಿಂತಿತ್ತು.

ತಡಿ ಆಯಿ, ನಾ ಹುಡಕ್ತೇನಿ, ಕಾವೇರಿ ಬಂದು ಎದುರಿಗೆ ಕೂತಿದ್ದಾಳೆ, ಕೈಯ ಹಿಟ್ಟನ್ನು ಚೂಡಿದಾರಕ್ಕೆ ಒರೆಸಿಕೊಂಡು, ದೀಪದ ಕಡೆ ಬೆನ್ನು ಮಾಡಿ ಕಣ್ಣು ಮುಚ್ಚಿಕೊಂಡಳು, ಸಣ್ಣವಳಿದ್ದಾಗ ಮುಚ್ಚಿದ ಹಾಗೇ ಗಟ್ಟಿಯಾಗಿ, ಹುಬ್ಬು ಗಂಟಿಕ್ಕಿ, ಕೈ ಮುಂದೆ ಬಂತು, ಕರಿಮಣಿ ಹಿಡಿದು ಕೆಳಗಿಳಿಯಿತು, ಜೋಳದ ಹಿಟ್ಟಿನ ವಾಸನೆ, ಬೆರಳು ಬೆಚ್ಚಗಿತ್ತು, ಹೆಬ್ಬೆರಳು ಒಂದು ಬಟ್ಟಲನ್ನು ಮುಟ್ಟಿ ನಿಂತಿತು, ಬಿಟ್ಟಿತು, ಇನ್ನೊಂದಕ್ಕೆ ಹೋಯಿತು, ಮತ್ತೆ ಹಿಂದಕ್ಕೆ, ಆಯಿಯ ಬಾಯಿ ಅರ್ಧ ತೆರೆದಿದೆ, ರಾಜೇಶ್ವರಿಯ ಕಣ್ಣು ಗೋಡೆಯ ಮೇಲಿನ ಫೋಟೋದ ಮೇಲೆ, ಕೆಳಗೆ ನೋಡಬಾರದು, ನೋಡಿದರೆ ಗೊತ್ತಾಗುತ್ತದೆ, — ಕತ್ತಲ್ಯಾಗ ನಾ ಯಾವುದು ಹಿಡೀತಿದ್ದೆ ನನಗ ಗೊತ್ತಿರ್ತಿರಲಿಲ್ಲ ಆಯಿ, ಕಾವೇರಿ ಕಣ್ಣು ತೆರೆಯದೆಯೇ ಹೇಳಿದಳು, ಒಮ್ಮೆ ಇದು ಸಿಗ್ತಿತ್ತು, ಒಮ್ಮೆ ಅದು, ಎರಡಕ್ಕೂ ನಿದ್ದಿ ಬರ್ತಿತ್ತು, ಇಲ್ಲಿಂದ ಬಿಚ್ಚಿದ್ರ ನನಗ ಗುರ್ತ ಹತ್ತಂಗಿಲ್ಲ, ಇಲ್ಲೇ ಇರ್ಲಿ, ನಾ ಬೇಕಾದಾಗ ಬಂದು ಹಿಡೀತೇನಿ. ಆಯಿ ಹೊಸ ಬಟ್ಟಲನ್ನು ಗುಲಾಬಿ ಕಾಗದದಲ್ಲಿ ಮಡಚಿದರು, ಮತ್ತೊಂದು ಮಡಿಕೆ ಹಾಕಿದರು, ಕಾವೇರಿಯ ಇನ್ನೊಂದು ಕೈ ಎಳೆದುಕೊಂಡು ಹಿಟ್ಟು ಅಂಟಿದ ಅಂಗೈಯಲ್ಲಿ ಆ ಪೊಟ್ಟಣವನ್ನಿಟ್ಟು ಬೆರಳು ಮುಚ್ಚಿದರು, ಹುಚ್ಚಿ, ಹಂಗಾರ ಇದನ್ನ ನಿನ್ನ ಕಿವಿಗೆ ಮಾಡಿಸ್ತೇನಿ, ರೊಟ್ಟಿ ಹೊತ್ತಾಕತ್ತೈತಿ ನೋಡ ಒಳಗ, ಸೆರಗಿನಿಂದ ಕಣ್ಣು ಒರೆಸಿಕೊಂಡು ಅವರೇ ಎದ್ದು ಒಳಗೆ ಹೋದರು, ಗೋಡೆ ಹಿಡಿದು, ಒಂದೊಂದೇ ಹೆಜ್ಜೆ, ನಾಳೆ ಆಫೀಸಿನಲ್ಲಿ ಬರೆಯಬೇಕು, ಹೆತ್ತವಳು ಒಬ್ಬಳು, ಸಾಕಿದವಳು, ಉಜ್ಮಾಳ ಸಾಲು ಸರಿಯಾಗಿದೆ, ಬರೆಯುತ್ತೇನೆ, ಮುತ್ಯಾನಿಗೆ ಅದು ಬೇಕು, ಇಲ್ಲಿ — ಕಾವೇರಿ ಕೈ ತೆಗೆದಿಲ್ಲ, ಕಣ್ಣೂ ತೆರೆದಿಲ್ಲ, ಹಣೆ ಬಂದು ಅವಳ ಹೆಗಲಿಗೆ ಒರಗಿದೆ, ಹೆಬ್ಬೆರಳು ಬಟ್ಟಲಿನ ಗುಳಿಯಲ್ಲಿ ಕೂಡಲು ನೋಡುತ್ತಿದೆ, ಹಿಡಿಸುವುದಿಲ್ಲ, ದೊಡ್ಡದಾಗಿದೆ, ತುದಿ ಮಾತ್ರ ಒಳಗೆ ಹೋಗುತ್ತದೆ, ಅಷ್ಟು ಸಾಕು ಅನ್ನುವ ಹಾಗೆ ಅಲ್ಲೇ ನಿಂತಿದೆ, ದಾರ ಕೊರಳಿಗೆ ಸಣ್ಣಗೆ ಜಗ್ಗುತ್ತಿದೆ, ಎಡಗಡೆಯಿಂದಲೋ, ಬಲಗಡೆಯಿಂದಲೋ, ಬಗ್ಗಿ ನೋಡಿದರೆ ಗೊತ್ತಾಗುತ್ತದೆ, ಬೆನ್ನು ತುರಿಸುತ್ತಿದೆ, ಕೈ ಜೋಮು ಹಿಡಿಯುತ್ತಿದೆ, ಅಲ್ಲಾಡಲಿಲ್ಲ, ಹಿಟ್ಟು ಹತ್ತಿದ ಹೆಬ್ಬೆರಳು, ಬಟ್ಟಲಿನ ಗುಳಿಯೊಳಗೆ, ಹೆಬ್ಬೆರಳು